ದರ್ಶನವನ್ನು ಮೊದಲು ಯಾರಿಗೆ ಹೇಳಬೇಕು?

ದಾವಣಗೆರೆಯ ಕ್ರೈಸ್ತ ಸಭೆಯ ಹಿರಿಯರೊಬ್ಬರ ಪತ್ರ: "ನಮ್ಮ ಸಭಾಪಾಲಕರು (ಪಾಸ್ಟರ್) ಹೊಸ ವರುಷದ ಆರಾಧನೆಯಲ್ಲಿ ಐದು ವರುಷದ ದರ್ಶನ, ಅಂದರೆ ಸಭೆಯ ಮುಂದಿನ ಗುರಿಗಳನ್ನು, ಪ್ರಕಟಿಸಿದರು. ಮಕ್ಕಳಿಗೆ ಸಂಜೆ ಪಾಠ, ಹಳ್ಳಿಯಲ್ಲಿ ಶಾಖಾ ಸಭೆ, ಹೊಸ ಹಾಲ್, ವೃದ್ಧರ ಸೇವೆ ಎಂದು ನಾಲ್ಕು ಗುರಿ. ಕಮಿಟಿಯ ನಮಗೂ ತಿಳಿದದ್ದು ಅಂದೇ. ಬ್ಯಾನರ್ ಕಟ್ಟಿದೆವು, ಕಾಣಿಕೆ ಕವರ್ ಹಂಚಿದೆವು. ಮೂರು ತಿಂಗಳಾದರೂ 120 ಕುಟುಂಬಗಳಲ್ಲಿ ಒಬ್ಬರೂ ಮಾತೆತ್ತುತ್ತಿಲ್ಲ. ಜನರಿಗೆ ಆಸಕ್ತಿಯೇ ಇಲ್ಲವೇ?"

ಕರ್ತನಲ್ಲಿ ಪ್ರಿಯ ಸಹೋದರರೇ,

ಜನರಿಗೆ ಆಸಕ್ತಿ ಇಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಕಮಿಟಿಗೂ ಅಂದೇ ತಿಳಿಯಿತು ಎಂದು ಬರೆದಿದ್ದೀರಲ್ಲ, ತೊಡಕು ಅಲ್ಲೇ ಇದೆ. ಆರಾಧನೆ ಮುಗಿಸಿ ಹೊರಬಂದವರು ಕೇಳುವುದು ಹಿರಿಯರನ್ನು: "ಏನಣ್ಣಾ, ಯಾವಾಗ ಶುರು? ದುಡ್ಡು ಎಲ್ಲಿಂದ?" "ನಮಗೂ ಈಗಲೇ ಗೊತ್ತಾಗಿದ್ದು" ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಿರಿಯರು ವಿರೋಧಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಇನ್ನೊಂದು ಕಾರಣವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಸಭಾಪಾಲಕರಿಗೆ ಕೆಲವು ವರುಷಕ್ಕೊಮ್ಮೆ ವರ್ಗವಾಗುವ ಸಭೆಗಳಲ್ಲಿ "ಇವರು ಹೋದರೆ ಇವರ ಯೋಜನೆಯೂ ಹೋಯಿತು" ಎಂಬುದು ಜನರ ಅನುಭವ. ಆದ್ದರಿಂದ ದರ್ಶನ ಪಾಸ್ಟರ್ ಹೆಸರಿನಲ್ಲಿ ಇರಕೂಡದು. ಕಮಿಟಿಯ ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರಲಿ, ವರ್ಗವಾಗದ ಒಬ್ಬ ಸಭಿಕರು ಅದರ ಹೊಣೆ ಹೊರಲಿ.

"ದೇವರು ನನಗೆ ತೋರಿಸಿದ್ದಾರೆ" ಎಂದು ಮಾತು ಶುರುಮಾಡುವ ಬಗ್ಗೆಯೂ ಹೇಳಬೇಕು. ಪ್ರಾರ್ಥನೆಯಲ್ಲಿ ದೊರೆತದ್ದನ್ನು ಹೇಳುವುದು ತಪ್ಪಲ್ಲ. ಆದರೆ ಅದೇ ಮೊದಲ ವಾಕ್ಯವಾದರೆ ಪ್ರಶ್ನೆ ಕೇಳುವವನು ದೇವರಿಗೇ ಎದುರಾಡಿದಂತೆ ಕಾಣುತ್ತಾನೆ. ಪ್ರಶ್ನೆಗಳು ಒಳಗೇ ಉಳಿದುಬಿಡುತ್ತವೆ. ಬೈಬಲಿನ ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ನೋಡಿ: ಯೆರೂಸಲೇಮಿನಲ್ಲಿ ಬಹಳ ಚರ್ಚೆ ನಡೆದ ಮೇಲೆಯೇ ತೀರ್ಮಾನವಾಯಿತು, ಪವಿತ್ರಾತ್ಮನಿಗೂ ತಮಗೂ ಒಪ್ಪಿಗೆಯಾಯಿತು ಎಂದು ಅಪೊಸ್ತಲರೂ ಹಿರಿಯರೂ ಬರೆದು ಕಳಿಸಿದರು. ಚರ್ಚೆಗೆ ಜಾಗ ಕೊಟ್ಟರೆ ದರ್ಶನದ ಗೌರವ ಕಡಿಮೆಯಾಗದು.

ಈಗ ಮಾಡಬಹುದಾದದ್ದು ಇಷ್ಟು. ನಾಲ್ಕು ಗುರಿಗಳಲ್ಲಿ ಒಂದನ್ನೇ ಎತ್ತಿಕೊಳ್ಳಿ. ನನ್ನ ಆಯ್ಕೆ ಸಂಜೆ ಪಾಠ, ಏಕೆಂದರೆ ಅದಕ್ಕೆ ಕಟ್ಟಡ ಬೇಡ. ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: "ಜೂನ್‌ನಿಂದ ಮಾರ್ಚ್ ಪರೀಕ್ಷೆಯವರೆಗೆ, ನಮ್ಮ ಬೀದಿಗಳ ಹತ್ತನೇ ತರಗತಿ ಮಕ್ಕಳು ವಾರಕ್ಕೆ ನಾಲ್ಕು ಸಂಜೆ ನಮ್ಮ ಸಭೆಯಲ್ಲಿ ಕೂತು ಓದುತ್ತಾರೆ." ಯಾರು, ಏನು, ಎಲ್ಲಿ, ಯಾವಾಗ ಎಲ್ಲವೂ ಅದರಲ್ಲಿದೆ. "ಸಮುದಾಯದ ಸಬಲೀಕರಣ"ದಂಥ ಮಾತು ಬೇಡ. ಬರೆದದ್ದನ್ನು ಸಂಡೇ ಸ್ಕೂಲಿನ ಒಂದು ಮಗುವಿಗೂ ಓದು ಬಾರದ ಒಬ್ಬ ಅಜ್ಜಿಗೂ ಒಮ್ಮೆ ಹೇಳಿ, ಮಾರನೆಯ ದಿನ ಅವರ ಬಾಯಿಂದಲೇ ಕೇಳಿ. ತಡವರಿಸಿದರೆ ವಾಕ್ಯ ತಿದ್ದಬೇಕು.

ಆಮೇಲೆ ಕಮಿಟಿ ಎರಡು ಸಲ ಕೂರಲಿ, ನಡುವೆ ಒಂದು ವಾರ ಬಿಡಿ. ಮೊದಲ ಸಲ ಕೇಳುವುದು, ಆಕ್ಷೇಪ ಹೇಳುವುದು ಮಾತ್ರ. ತೀರ್ಮಾನ ಎರಡನೆಯ ಸಲಕ್ಕೆ. ಒಪ್ಪದವರ ಮನೆಗೆ ಆ ವಾರದಲ್ಲೇ ಸಭಾಪಾಲಕರು ಹೋಗಿ ಬರಲಿ. ಮುಂದೆ ಸ್ತ್ರೀಯರ ಸಂಘ, ಯೌವನಸ್ಥರು, ಸಂಡೇ ಸ್ಕೂಲ್ ಶಿಕ್ಷಕರು, ಒಂದೊಂದು ಗುಂಪಿಗೆ ಅರ್ಧ ಗಂಟೆ, ಅದರಲ್ಲಿ ಅರ್ಧ ಹೊತ್ತು ಅವರೇ ಮಾತಾಡಲಿ. ನಂತರ ಮನೆ ಪ್ರಾರ್ಥನಾ ಕೂಟಗಳು. ಎಂಟು ಮನೆಗೆ ಒಂದು ಕೂಟವೆಂದರೆ ನಿಮಗೆ 15 ಕೂಟ ಬೇಕು, ವಾರಕ್ಕೆ ಎರಡರಂತೆ ಸುಮಾರು ಎರಡು ತಿಂಗಳು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಆಸ್ಪತ್ರೆಯ ರಾತ್ರಿ ಪಾಳಿಯವರು ಭಾನುವಾರ ತಪ್ಪಿಸಿಕೊಂಡರೂ ಮನೆಯ ಕೂಟದಲ್ಲಿ ಸಿಗುತ್ತಾರೆ. ಮನೆಯಲ್ಲಿ ತಮಿಳೋ ತೆಲುಗೋ ಆಡುವವರಿಗೆ ಅವರ ಮಾತಿನಲ್ಲೇ ತಿಳಿಸಿ. ಕೇಳಿಬಂದ ಪ್ರಶ್ನೆ, ಅದಕ್ಕೆ ಉತ್ತರ ಎರಡನ್ನೂ ನೋಟಿಸ್ ಬೋರ್ಡಿಗೆ ಹಚ್ಚಿ.

ಭಾನುವಾರದ ಪ್ರಸಂಗ ಇದೆಲ್ಲದರ ಕೊನೆಗೆ. 20 ನಿಮಿಷ ಸಾಕು, ಆದರೆ ಅದು ಪ್ರಸಂಗವಾಗಿಯೇ ಇರಲಿ. ಜನ ಎದ್ದು ಹೊರಡುವ ಹೊತ್ತಿನ ಪ್ರಕಟಣೆಗಳ ನಡುವೆ ಹೇಳಿದ್ದು ಯಾರ ಕಿವಿಗೂ ಬೀಳದು. ಪರಿಹಾರಕ್ಕಿಂತ ಮೊದಲು ಕೊರತೆ ಹೇಳಿ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನು ಊರಿಗೆ ಬಂದು ಮೂರು ದಿನ ಕಳೆದ ಮೇಲೆ ರಾತ್ರಿ ಹೊತ್ತು ಕೆಲವೇ ಜನರೊಡನೆ ಹೋಗಿ ಬಿದ್ದ ಗೋಡೆಯನ್ನು ಪರೀಕ್ಷಿಸಿ ಬಂದ. ಆಮೇಲೆಯೇ ಬಾಯಿ ತೆರೆದ, ಅದೂ ಜನರು ಇರುವ ದುರವಸ್ಥೆಯ ಮಾತಿನಿಂದ. ನಿಮ್ಮ ಬೀದಿಯಲ್ಲಿ ಎಷ್ಟು ಮಕ್ಕಳಿಗೆ ಮನೆಯಲ್ಲಿ ಕೂತು ಓದಲು ಜಾಗವಿಲ್ಲ ಎಂಬುದನ್ನು ಎಣಿಸಿಕೊಂಡು ಬಂದು ಹೇಳಿದರೆ ಜನ ತಲೆಯೆತ್ತಿ ಕೇಳುತ್ತಾರೆ.

ಅಂದೇ ಕವರ್ ಹಂಚಬೇಡಿ. ದರ್ಶನದ ಜೊತೆಗೇ ಹಣ ಕೇಳಿದರೆ ಜನರ ನೆನಪಿನಲ್ಲಿ ಉಳಿಯುವುದು ಹಣವೊಂದೇ. ಮೊದಲು ಕೆಲಸ ಕೇಳಿ. ನೆಹೆಮೀಯ 3ರಲ್ಲಿ ಹಲವರು ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ಹಾಗೆಯೇ ಒಂದು ಚೀಟಿಯಲ್ಲಿ ನಾಲ್ಕು ಕೆಲಸ ಬರೆಯಿರಿ: ವಾರಕ್ಕೊಂದು ಸಂಜೆ ಗಣಿತ ಅಥವಾ ಇಂಗ್ಲಿಷ್ ಹೇಳಿಕೊಡುವುದು, ಬಾಗಿಲು ತೆರೆದು ಗುಡಿಸುವುದು, ಮಕ್ಕಳಿಗೆ ಮಂಡಕ್ಕಿ-ಚಹಾ ಕೊಡುವುದು, ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವುದು. ಒಬ್ಬರು ಒಂದಕ್ಕೆ ಗುರುತು ಹಾಕಲಿ. ಎರಡು ಭಾನುವಾರ ಕಳೆದ ಮೇಲೆ ಖರ್ಚಿನ ಪಟ್ಟಿ ತೋರಿಸಿ ಕಾಣಿಕೆ ಕೇಳಿ.

ಹೊತ್ತಿನ ವಿಷಯ: ಜನವರಿ, ಫೆಬ್ರವರಿಯಲ್ಲಿ ಭದ್ರಾ ನಾಲೆಗೆ ನೀರು ಬಂದರೆ ಸುತ್ತಲಿನ ಹಳ್ಳಿಗಳಲ್ಲಿ ಬೇಸಿಗೆ ಭತ್ತದ ನಾಟಿ, ಆಮೇಲೆ ಮಕ್ಕಳ ಪರೀಕ್ಷೆ. ಆ ದಿನಗಳಲ್ಲಿ ಹೊಸ ಮಾತು ತಲೆಗೆ ಹತ್ತುವುದು ಕಷ್ಟ. ಈಗ ಏಪ್ರಿಲ್. ಕಮಿಟಿ ಈ ವಾರವೇ ಕೂತು, ರಜೆಯಲ್ಲಿ ಕೂಟಗಳನ್ನು ಶುರುಮಾಡಿ ಜೂನ್ ಮಧ್ಯದೊಳಗೆ ಮುಗಿಸಿದರೆ ಜೂನ್ ಕೊನೆಯ ಹೊತ್ತಿಗೆ ಪಾಠ ಶುರುಮಾಡಬಹುದು. ಮದುವೆಗಳ ದಿನ ನೋಡಿಕೊಂಡು ಕೂಟ ಗೊತ್ತುಮಾಡಿ. ವಾಟ್ಸಾಪ್ ನೆನಪಿಸಲು ಮಾತ್ರ ಇರಲಿ, ಒಂದು ನಿಮಿಷದ ಧ್ವನಿ ಸಂದೇಶ ಸಾಕು.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ಇದು: ಕೆಲಸ ಅರ್ಧಕ್ಕೆ ಬಂದಾಗ ಮತ್ತೆ ಹೇಳುವುದು. ಗೋಡೆ ಅರ್ಧ ಎತ್ತರಕ್ಕೆ ಬಂದ ಮೇಲೆಯೇ ಕಟ್ಟುವವರ ಬಲ ಕುಂದಿದ್ದು, ನೆಹೆಮೀಯನು ಮತ್ತೆ ನಿಂತು ಧೈರ್ಯ ಹೇಳಬೇಕಾಯಿತು. ಪ್ರಭುಭೋಜನದ ಭಾನುವಾರ ಜನ ಹೆಚ್ಚು ಸೇರುತ್ತಾರೆ. ತಿಂಗಳಿಗೊಮ್ಮೆ ಅಂದು ಮೂರು ನಿಮಿಷ ವರದಿ ಕೊಡಿ: ಎಷ್ಟು ಮಕ್ಕಳು ಬಂದರು, ಎಷ್ಟು ಸಂಜೆ ಬಾಗಿಲು ಮುಚ್ಚಿತ್ತು, ಏಕೆ. ಮುಚ್ಚಿದ ದಿನಗಳನ್ನು ಅಡಗಿಸಿದರೆ ಬಂದ ಮಕ್ಕಳ ಲೆಕ್ಕವನ್ನೂ ಜನ ನಂಬರು. ವರದಿಯನ್ನು ಪಾಠ ಹೇಳುವವರೋ ಒಬ್ಬ ತಾಯಿಯೋ ಓದಲಿ, ಸಭಾಪಾಲಕರು ಪ್ರಾರ್ಥನೆ ಮಾಡಲಿ.

ಉಳಿದ ಮೂರು ಗುರಿಗಳನ್ನು ಕೈಬಿಟ್ಟಿಲ್ಲವೆಂದು ನಡಾವಳಿಯಲ್ಲಿ ಬರೆದಿಡಿ, ಜನರಿಗೂ ಹಾಗೆಯೇ ತಿಳಿಸಿ. ಸಂಜೆ ಪಾಠ ಒಂದು ಶಾಲಾ ವರುಷ ನಡೆದ ಮೇಲೆ ಎರಡನೆಯದು ಯಾವುದೆಂದು ಕಮಿಟಿ ಕೂತು ನೋಡಲಿ.

— ಸಂಪಾದಕರು