ನಷ್ಟದಲ್ಲಿರುವ ಎರಡನೇ ದರ್ಶಿನಿಯನ್ನು ಮುಚ್ಚಬೇಕೇ?

ಎರಡನೇ ದರ್ಶಿನಿ ತಿಂಗಳು ತಿಂಗಳೂ ಕೈ ಕಚ್ಚುತ್ತಿದೆ, ಆದರೂ ಹಾಕಿದ 40 ಲಕ್ಷವನ್ನು ನೆನೆದರೆ ಮುಚ್ಚಲು ಮನಸ್ಸು ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಸಣ್ಣ ಹೋಟೆಲುಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ನಿಮಗೆ ಅಡ್ಡ ನಿಂತಿರುವುದು ಆ 40 ಲಕ್ಷವೇ.

ಮೊದಲು ಅದನ್ನು ಎರಡು ಭಾಗ ಮಾಡಿ. ಟೈಲ್ಸ್, ಗ್ರಾನೈಟ್ ಕಟ್ಟೆ, ವೈರಿಂಗ್, ನಾಮಫಲಕದ ಹಣ ಮುಚ್ಚಿದರೂ ಹೋಯಿತು, ನಡೆಸಿದರೂ ಹೋಯಿತು. ಮುಂಗಡ, ಗ್ರೈಂಡರ್, ಫ್ರಿಜ್, ಪಾತ್ರೆಗಳ ಹಣ ಅಷ್ಟಿಷ್ಟು ಮರಳುತ್ತದೆ. ಆದರೆ ಬಾಡಿಗೆ ಬಾಕಿ ಬಿದ್ದರೆ ಮಾಲೀಕರು ಮುರಿದುಕೊಳ್ಳುವುದು ಮುಂಗಡದಿಂದಲೇ. ಹಾಗಾಗಿ ಕರಾರುಪತ್ರದಲ್ಲಿ ನೋಟಿಸ್ ಅವಧಿ ಎಷ್ಟಿದೆ ಎಂದು ಇವತ್ತೇ ನೋಡಿ.

ಆಮೇಲೆ ನಷ್ಟವನ್ನು ನಿಜವಾಗಿ ಅಳೆಯಿರಿ. ನಾನು ಮತ್ತೆ ಮತ್ತೆ ಕಾಣುವ ತೊಡಕು ಇಲ್ಲಿದೆ: ಹಿಟ್ಟು ರುಬ್ಬುವುದು ಹಳೆಯ ಅಂಗಡಿಯಲ್ಲಿ, ಇಡ್ಲಿ ಮಾರುವುದು ಹೊಸದರಲ್ಲಿ, ಅಕ್ಕಿ, ಉದ್ದು, ಕರೆಂಟು, ಆಳಿನ ಖರ್ಚೆಲ್ಲ ಹಳೆಯ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಗಲ್ಲಾದಲ್ಲಿ ಕೂರುವ ನಿಮ್ಮ ತಮ್ಮನಿಗೋ ಮನೆಯವರಿಗೋ ಸಂಬಳವನ್ನೇ ಬರೆದಿರುವುದಿಲ್ಲ. ಹೊರಗಿನವರನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಸೇರಿಸಿ. ಎಷ್ಟೋ ಸಲ ಕಾಣುವ ನಷ್ಟಕ್ಕಿಂತ ಇರುವ ನಷ್ಟ ದೊಡ್ಡದು.

ದೊಡ್ಡವರಿಗೂ ಈ ಕಷ್ಟ ತಪ್ಪಿದ್ದಲ್ಲ. ಅಮೆರಿಕದ ಇಂಟೆಲ್ ಕಂಪನಿ ಹೆಸರು ಮಾಡಿದ್ದೇ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಮೆಮೊರಿ ಚಿಪ್‌ಗಳಿಂದ. ಜಪಾನಿನ ಕಂಪನಿಗಳ ಪೈಪೋಟಿಯಲ್ಲಿ ಆ ವ್ಯಾಪಾರ ನೆಲಕಚ್ಚಿದರೂ ಬಿಡಲು ಯಾರಿಗೂ ಮನಸ್ಸಿರಲಿಲ್ಲ. 1985ರಲ್ಲಿ ಕಂಪನಿಯ ಅಧ್ಯಕ್ಷರಾಗಿದ್ದ ಆಂಡಿ ಗ್ರೋವ್ ತಮ್ಮ ಹಿರಿಯ ಸಹೋದ್ಯೋಗಿ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ತೆಗೆದು ಹೊಸ ಮುಖ್ಯಸ್ಥನನ್ನು ತಂದರೆ ಆತ ಏನು ಮಾಡುತ್ತಾನೆ? ಮೆಮೊರಿಯಿಂದ ಹೊರಬರುತ್ತಾನೆ ಎಂದರು ಮೂರ್. ಹಾಗಾದರೆ ನಾವೇ ಅದನ್ನು ಏಕೆ ಮಾಡಬಾರದು ಎಂದರು ಗ್ರೋವ್. ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು; ಸುಲಭದ ಮಾತಾಗಿರಲಿಲ್ಲ. ಆದರೆ ಕಂಪ್ಯೂಟರಿನ ಮಿದುಳಿನಂತಿರುವ ಮೈಕ್ರೊಪ್ರೊಸೆಸರ್ ಚಿಪ್‌ಗಳಲ್ಲಿ ಕಂಪನಿ ಮತ್ತೆ ತಲೆಯೆತ್ತಿತು.

ನೀವೂ ಅದನ್ನೇ ಕೇಳಿಕೊಳ್ಳಿ: ಇದೇ ಬಾಡಿಗೆಗೆ, ಇದೇ ಜಾಗದಲ್ಲಿ ಇವತ್ತು ಹೊಸದಾಗಿ ದರ್ಶಿನಿ ತೆರೆಯುತ್ತಿದ್ದಿರಾ? ಕ್ಯಾಷಿಯರ್ ಮತ್ತು ಅಡುಗೆ ಭಟ್ಟರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿ, ನಿಮ್ಮ ಅಭಿಪ್ರಾಯವನ್ನು ಮೊದಲೇ ಹೇಳಬೇಡಿ. ಹೇಳಿದರೆ ಯಜಮಾನರ ಮಾತಿಗೆ ಎಲ್ಲರೂ ಹೂಂ ಅನ್ನುತ್ತಾರೆ.

ಇನ್ನಷ್ಟು ದಿನ ನೋಡುವುದೇ ಆದರೆ ಒಂದು ಗಡುವು, ಆ ಹೊತ್ತಿಗೆ ಮುಟ್ಟಲೇಬೇಕಾದ ದಿನದ ವ್ಯಾಪಾರ, ಎರಡನ್ನೂ ಕಾಗದದಲ್ಲಿ ಬರೆದು ಈಗಲೇ ನಿಮ್ಮ ಆಡಿಟರ್ ಕೈಗೆ ಕೊಡಿ.