ತಾತನ ಗ್ರಾಮಫೋನ್ ಪ್ಲೇಟುಗಳಿಗೆ ಒಂದೂವರೆ ಲಕ್ಷದಲ್ಲಿ ಯಾವ ಹೈ-ಫೈ ಸೆಟ್ ತೆಗೆದುಕೊಳ್ಳಲಿ?

ಮಂಡ್ಯ, ತಾತನ ಟ್ರಂಕು, 60 ಪ್ಲೇಟು, ಕೈಯಲ್ಲಿ ಒಂದೂವರೆ ಲಕ್ಷ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಮೂಗಿಗೆ ಸ್ಪಿರಿಟ್ ವಾಸನೆ ಬಂತು. ಯಾವ ಟರ್ನ್‌ಟೇಬಲ್, ಯಾವ ಆಂಪ್ಲಿಫೈಯರ್ ಅನ್ನೋದನ್ನು ಆಮೇಲೆ ನೋಡೋಣ. ಕೊನೇ ಸಾಲಿನಲ್ಲಿ "ಸೆಟ್ ಬರುವ ತನಕ ಪ್ಲೇಟುಗಳನ್ನೆಲ್ಲ ಚೆನ್ನಾಗಿ ಕ್ಲೀನ್ ಮಾಡಿ ಇಡುತ್ತೇನೆ" ಅಂತ ಬರೆದಿದ್ದೀರಲ್ಲ, ಅದನ್ನು ಈಗಲೇ ನಿಲ್ಲಿಸಿ. ಸೆಟ್ಟು ತಪ್ಪಾದರೆ ಮಾರಬಹುದು. ಇದು ತಪ್ಪಾದರೆ ಏನೂ ಮಾಡೋಕಾಗಲ್ಲ.

ನನ್ನದು ಮೈಸೂರು, ಚಾಮರಾಜಪುರಂ. ಈ ಹುಚ್ಚು ಹತ್ತಿ ಹತ್ತಿರ ಹತ್ತಿರ 40 ವರ್ಷ. 1987ರಲ್ಲಿ ಕೆಲಸಕ್ಕೆ ಸೇರಿದವನು ಮೊದಲ ಮೂರು ತಿಂಗಳ ಸಂಬಳವನ್ನು ಒಂದು ಸ್ಟೀರಿಯೋ ಸೆಟ್ಟಿಗೆ ಸುರಿದೆ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು. ಭಾನುವಾರ ಬೆಳಗಿನ ಮೊದಲ ಬಸ್ಸು ಹಿಡಿದು ಬೆಂಗಳೂರಿನ ಸಂಡೇ ಬಜಾರಿಗೆ ಹೋಗುವುದು, ನೆಲದ ಮೇಲೆ ಹರಡಿರುವ ಎಲ್‌ಪಿಗಳ (ಗ್ರಾಮಫೋನ್ ಪ್ಲೇಟಿನ ನಂತರ ಬಂದ ವಿನೈಲ್ ಪ್ಲೇಟು) ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಬಿಸಿಲಿಗೆ ಹಿಡಿದು ಗೀರು ನೋಡುವುದು, ಸಂಜೆ ಹಸಿದುಕೊಂಡು ವಾಪಸ್ ಬರುವುದು. ಸಿಡಿ ಬಂದಾಗ ಎಲ್ಲರ ಹಾಗೆ ನಾನೂ ಬುದ್ಧಿ ಕೆಟ್ಟು 80 ಎಲ್‌ಪಿ ಮಾರಿದೆ. ಮತ್ತೆ ಅವನ್ನೇ ಮೂರು ಪಟ್ಟು ಬೆಲೆಗೆ ಹುಡುಕಿ ತಂದೆ. 9 ಸಾವಿರ ಕೊಟ್ಟು ಸ್ಪೀಕರ್ ವೈರ್ ತಂದು, ಹೆಂಡತಿಗೆ ಒಂಬೈನೂರು ಅಂತ ಹೇಳಿದ್ದೂ ಇದೆ. ಇವೆಲ್ಲ ದುಡ್ಡಿನ ತಪ್ಪುಗಳು, ಹೋಗಲಿ ಬಿಡಿ.

ನಿಜವಾದ ತಪ್ಪು ಮಾಡಿದ್ದು 2003ರಲ್ಲಿ. ನಿಮ್ಮ ಮಂಡ್ಯದಲ್ಲೇ ನಮ್ಮ ದೊಡ್ಡಪ್ಪ ಇದ್ದರು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮನೆ ಖಾಲಿ ಮಾಡಿ ಮಗನ ಹತ್ತಿರ ಹೊರಟಾಗ ನನ್ನನ್ನು ಕರೆಸಿದರು. "ನಿಂಗೆ ಹಾಡಿನ ಹುಚ್ಚು, ನೀನೇ ಇಟ್ಕೊಳೋ" ಅಂತ ತಗಡಿನ ಟ್ರಂಕೊಂದನ್ನು ತೋರಿಸಿದರು. ಒಳಗೆ 38 ಪ್ಲೇಟು. ಕೆಲವಕ್ಕೆ ಕಂದು ಕಾಗದದ ಕವರು, ಇನ್ನು ಕೆಲವಕ್ಕೆ ಹಳೇ ಕ್ಯಾಲೆಂಡರಿನ ಹಾಳೆ. ಅದರಲ್ಲಿ ಚೌಡಯ್ಯನವರ ಪಿಟೀಲಿನದೂ ಒಂದಿತ್ತು. ಮೈಕಿಲ್ಲದ ಕಾಲದಲ್ಲಿ ಸಭೆಯ ಕೊನೇ ಸಾಲಿಗೂ ನಾದ ಮುಟ್ಟಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡ ಮಹಾನುಭಾವರು. ಆ ನಾದವನ್ನು ಪ್ಲೇಟಿನಿಂದ ಕೇಳುತ್ತೇನೆ ಅನ್ನೋ ಖುಷಿಗೆ ಟ್ರಂಕನ್ನು ಬಸ್ಸಿನಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದೆ.

ಎಲ್‌ಪಿ ತೊಳೆಯಲು ನನ್ನ ಹತ್ತಿರ ಒಂದು ಮಿಕ್ಸ್ ಇತ್ತು. ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್, ಮೂರು ಪಾಲು ಡಿಸ್ಟಿಲ್ಡ್ ವಾಟರ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಐಸೋಪ್ರೊಪೈಲ್ ಸಿಗದೆ ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ ಹಾಕಿಕೊಂಡಿದ್ದೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯದು. ಅದರಲ್ಲಿ ನೂರಾರು ಎಲ್‌ಪಿ ಒರೆಸಿದ್ದೆ, ಒಂದಕ್ಕೂ ಏನೂ ಆಗಿರಲಿಲ್ಲ. ಧೈರ್ಯ ಬಂದಿದ್ದೇ ಅಲ್ಲಿಂದ.

ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ ಕೂತೆ. ಮೊದಲ ಪ್ಲೇಟಿನ ಮೇಲೆ ಫಂಗಸ್ಸು, ಎಣ್ಣೆ ಜಿಡ್ಡು, ಇರುವೆಯ ಕಾಲಿನಷ್ಟು ಸಣ್ಣ ಕಸ. ಆ ಮಿಕ್ಸ್‌ಗೆ ಕೊಳೆ ಹೋಗಲಿಲ್ಲ ಅಂತ ಹತ್ತಿಯನ್ನು ನೇರವಾಗಿ ಸ್ಪಿರಿಟ್ಟಿಗೇ ಅದ್ದಿ ಉಜ್ಜಿದೆ. ಹತ್ತಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಹಾ, 50 ವರ್ಷದ ಕೊಳೆ ಹೇಗೆ ಬಿಡ್ತಾ ಇದೆ ನೋಡು ಅಂತ ಹೆಂಡತಿಯನ್ನು ಕರೆದು ತೋರಿಸಿದೆ. ಎರಡನೆಯದಕ್ಕೆ ಇನ್ನೂ ಜಾಸ್ತಿ ಉಜ್ಜಿದೆ. ಊಟದ ಹೊತ್ತಿಗೆ 14 ಮುಗಿದಿದ್ದವು. ಒಣಗಲಿ ಅಂತ ಸಾಲಾಗಿ ಗೋಡೆಗೆ ಒರಗಿಸಿದೆ.

ಊಟ ಮುಗಿಸಿ ಬಂದು ನೋಡಿದರೆ ಹೊಳಪು ಹೋಗಿದೆ. ಸ್ಲೇಟಿನ ಹಾಗೆ ಬೂದುಬೂದು. ಎತ್ತಲು ಹೋದರೆ ಬೆರಳಿಗೆ ಅಂಟು. ಗೆರೆಗಳ ಒಳಗೆ ಹತ್ತಿಯ ಎಳೆಗಳು ಕಚ್ಚಿಕೊಂಡಿವೆ, ಕಿತ್ತರೂ ಬರುವುದಿಲ್ಲ. ನಾನು ಕೊಳೆ ಅಂದುಕೊಂಡು ಒರೆಸಿ ತೆಗೆದದ್ದು ಪ್ಲೇಟನ್ನೇ. ಚೌಡಯ್ಯನವರ ಪ್ಲೇಟಿನ ಅಂಚಿನಲ್ಲಿ ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ, ಗೆರೆಗೆರೆ ಸಮೇತ. ಜನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ, ನಾನು ಅವರ ಪಿಟೀಲಿನ ಮೇಲೆ ಒತ್ತಿದ್ದೇನೆ.

ಏನಾಯಿತು ಅಂತ ಗೊತ್ತಾಗಿದ್ದು ಆ ವಾರ ಮಂಚ ರಿಪೇರಿಗೆ ಬಂದ ಬಡಗಿಯಿಂದ. ಪ್ಲೇಟು ಮೂಸಿ ನೋಡಿ ನಕ್ಕರು. "ಇದು ಅರಗು ಅಲ್ವಾ ಸ್ವಾಮಿ? ನಾವು ಪಾಲಿಶ್‌ಗೆ ಇದನ್ನೇ ಸ್ಪಿರಿಟ್ಟಲ್ಲಿ ರಾತ್ರಿಯೆಲ್ಲಾ ನೆನೆಸಿ ಕರಗಿಸ್ತೀವಿ. ನೀವೂ ಅದನ್ನೇ ಮಾಡಿದ್ದೀರ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಎಲ್‌ಪಿ ಅನ್ನೋದು ವಿನೈಲ್, ಅಂದರೆ ನಮ್ಮ ನೀರಿನ ಪೈಪಿನ ಪಿವಿಸಿ ಜಾತಿ. ನೀರು ಬೆರೆಸಿದ ಆಲ್ಕೋಹಾಲಿಗೆ ಅದು ಜಗ್ಗುವುದಿಲ್ಲ. ಎಲ್‌ಪಿ ಬಂದಿದ್ದು 1948ರಲ್ಲಿ. ಅದಕ್ಕೆ ಮುಂಚಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಪ್ಲೇಟುಗಳನ್ನು ಮಾಡುತ್ತಿದ್ದುದು ಶೆಲ್ಲಾಕ್‌ನಿಂದ. ಶೆಲ್ಲಾಕ್ ಅಂದರೆ ಅರಗು, ಮರದ ಕೊಂಬೆಯ ಮೇಲೆ ಹುಳು ಕಟ್ಟುವ ಅಂಟು. ಪ್ಲೇಟಿನಲ್ಲಿ ಬರೀ ಅರಗೇ ಇರುವುದಿಲ್ಲ. ಜಾಸ್ತಿ ಪಾಲು ಕಲ್ಲಿನ ಪುಡಿ, ಜೊತೆಗೆ ಕಪ್ಪು ಬರಲು ಮಸಿ, ಬಿಗಿ ಬರಲು ಒಂದಿಷ್ಟು ನಾರು. ಇವನ್ನೆಲ್ಲ ಹಿಡಿದಿಟ್ಟಿರುವುದು ಅರಗು. ಸ್ಪಿರಿಟ್ ತಾಗಿದ ಕೂಡಲೇ ಆ ಹಿಡಿತ ಬಿಡುತ್ತದೆ, ಕಲ್ಲಿನ ಪುಡಿ ಮೇಲೆದ್ದು ನಿಲ್ಲುತ್ತದೆ. ಆಮೇಲೆ ಮುಳ್ಳು ಓಡುವುದು ಹಾಡಿನ ಮೇಲಲ್ಲ, ಉಪ್ಪು ಕಾಗದದ ಮೇಲೆ.

ಅದೂ ನಾನು ಎಂಥಾ ಊರಲ್ಲಿ ಕೂತು ಈ ಕೆಲಸ ಮಾಡಿದೆ ನೋಡಿ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿಯ ಕಾರ್ಖಾನೆ ನಮ್ಮಲ್ಲಿದೆಯಲ್ಲ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೂ ಅರಗೇ. ಚನ್ನಪಟ್ಟಣದ ಗೊಂಬೆಗೆ ಮಿರುಗು ಬರುವುದೂ ಅದರಿಂದಲೇ. ಸಂಡೇ ಬಜಾರಿಗೆ ಹೋಗುವಾಗ ಆ ಗೊಂಬೆ ಅಂಗಡಿಗಳನ್ನು ನೂರಾರು ಸಲ ದಾಟಿದ್ದೇನೆ. ಅರಗಿನ ಮನೆಯ ವಿಷಯ ಪಾಂಡವರಿಗೆ ವಿದುರ ಮೊದಲೇ ಸೂಚನೆ ಕೊಟ್ಟಿದ್ದ, ನನಗೆ ಬಡಗಿ ಸಿಕ್ಕಿದ್ದು ಬೆಂಕಿ ಬಿದ್ದ ಮೇಲೆ.

ನಿಜವಾದ ತಪ್ಪು ಅಂತ ಒಂದನ್ನು ಹೇಳಿದೆ, ಆದರೆ ಅದರ ಹೊಟ್ಟೆಯಲ್ಲಿ ಇನ್ನೂ ಎರಡಿದ್ದವು. ಒಂದು ಪ್ಲೇಟು ಒರೆಸಿ, ಒಣಗಿಸಿ, ಹಾಕಿ ಕೇಳಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿದ್ದರೆ 13 ಉಳಿಯುತ್ತಿದ್ದವು. ಅಷ್ಟೂ ತಾಳ್ಮೆ ಇರಲಿಲ್ಲ. ಇನ್ನೊಂದು, ಹಾಕಿ ಕೇಳೋಣ ಅಂದಿದ್ದರೂ ನನ್ನ ಟರ್ನ್‌ಟೇಬಲ್‌ನಲ್ಲಿ 78 ಸ್ಪೀಡೇ ಇರಲಿಲ್ಲ. ಹೇಗೆ ಕೇಳಬೇಕು ಅಂತಲೇ ಗೊತ್ತಿಲ್ಲದವನು ಒರೆಸಲು ಕೂತಿದ್ದೆ.

ಆಮೇಲೆ 78 ಇರುವ ಒಂದು ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಹುಡುಕಿ ತಂದೆ. ಯುಗಾದಿಗೆ ದೊಡ್ಡಪ್ಪ, ದೊಡ್ಡಮ್ಮ ಬಂದಿದ್ದರು. ಹಾಕೋ ಕೇಳೋಣ ಅಂದರು. ಒರೆಸದೆ ಉಳಿದ 24ರಲ್ಲಿ ಯಾವುದಾದರೂ ಹಾಕಬಹುದಿತ್ತು, ಅವರಿಗೆ ಬೇಕಾದದ್ದು ಚೌಡಯ್ಯನವರದ್ದೇ. ಹಾಕಿದೆ. ಸೋ ಅಂತ ಶುರುವಾಯಿತು, ಎಲ್ಲೋ ಹಿಂದೆ, ನಾಲ್ಕು ಮನೆ ಆಚೆ ಪಿಟೀಲು. ಅಡುಗೆಮನೆಯಿಂದ ದೊಡ್ಡಮ್ಮ "ಮಳೆ ಬಂತೇನೋ, ತಾರಸಿ ಮೇಲೆ ಹಪ್ಪಳ ಇದೆ" ಅಂತ ಕೂಗಿದರು. ದೊಡ್ಡಪ್ಪ ಏನೂ ಅನ್ನಲಿಲ್ಲ. ಮೂರು ನಿಮಿಷ ಪೂರ್ತಿ ಕೇಳಿದರು. ಮುಗಿದ ಮೇಲೆ, "ವಯಸ್ಸಾಯ್ತಲ್ಲ, ಅದಕ್ಕೂ" ಅಂದರು. ನಾನೇ ಹಾಳು ಮಾಡಿದ್ದು ಅಂತ ಬಾಯಿ ಬಿಡಲಿಲ್ಲ. ಕೊನೇವರೆಗೂ ಹೇಳಲಿಲ್ಲ.

ಈಗ ನಿಮ್ಮ ಪ್ಲೇಟು. ಮೇಲೆ ನಾಯಿ ಚಿತ್ರ ಇದೆ, ಕೈಯಲ್ಲಿ ಹಿಡಿದರೆ ಭಾರ, ಒಂದು ಬದಿಗೆ ಒಂದೇ ಹಾಡು ಅಂದಿದ್ದೀರಿ. ಲೇಬಲ್ ಮೇಲೆ 78 ಅಂತ ಹುಡುಕಿ. ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಪಿಂಗಾಣಿ ತಟ್ಟೆಯ ಹಾಗೆ ಠಣ್ ಅಂದರೆ ಅರಗಿನದೇ. ಬಗ್ಗುತ್ತಾ ಅಂತ ಮಾತ್ರ ನೋಡಬೇಡಿ. ಬಗ್ಗುವುದಿಲ್ಲ, ಎರಡಾಗುತ್ತದೆ.

ಅರಗಿನದೇ ಆಗಿದ್ದರೆ ಸ್ಪಿರಿಟ್, ಸ್ಯಾನಿಟೈಜರ್, ಕನ್ನಡಕ ಒರೆಸುವ ಲಿಕ್ವಿಡ್, ಯಾವುದೂ ಬೇಡ. ಮೊದಲು ಒಣ ಮೆತ್ತನೆ ಬ್ರಷ್. ಅದಕ್ಕೆ ಹೋಗದಿದ್ದರೆ ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಸಾದಾ ಪಾತ್ರೆ ಲಿಕ್ವಿಡ್ (ಆಲ್ಕೋಹಾಲ್ ಇಲ್ಲ ಅಂತ ಬಾಟಲಿ ಹಿಂದೆ ಓದಿ), ಗೆರೆಯ ಗುಂಟ ಒರೆಸಿ, ಲೇಬಲ್ ಒದ್ದೆ ಮಾಡದೆ, ಕೂಡಲೇ ಬಟ್ಟೆಯಲ್ಲಿ ಒಣಗಿಸಿ. ನೆನೆಹಾಕಬೇಡಿ. ಮೊದಲು ಒಂದೇ ಒಂದು ಪ್ಲೇಟು, ಅದೂ ನಿಮಗೆ ಇಷ್ಟವಿಲ್ಲದ ಹಾಡಿನದು.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. 60 ಪ್ಲೇಟು ಅಂದರೆ 120 ಬದಿ, ತಲಾ ಮೂರು ನಿಮಿಷ ಅಂದರೂ 6 ಗಂಟೆಯ ಸಂಗೀತ. ಅಷ್ಟೂ ಮೋನೋ, ಅಂದರೆ ಎರಡು ಸ್ಪೀಕರ್ ಇಟ್ಟರೂ ಎರಡರಲ್ಲೂ ಒಂದೇ ಸೌಂಡು. 6 ಗಂಟೆಯ ಮೋನೋಗೆ ಒಂದೂವರೆ ಲಕ್ಷದ ಸ್ಟೀರಿಯೋ ಯಾಕೆ ಸ್ವಾಮಿ? "ವಿನೈಲಿನ ಬೆಚ್ಚನೆಯ ಸೌಂಡು" ಅಂತ ಬೇರೆ ಬರೆದಿದ್ದೀರಿ. ನಿಮ್ಮ ಹತ್ತಿರ ವಿನೈಲೇ ಇಲ್ಲವಲ್ಲ.

ಬೇಕಾಗಿರುವುದು ಎರಡು. 78 ಸ್ಪೀಡ್ ಇರುವ ಟರ್ನ್‌ಟೇಬಲ್, 78ಕ್ಕೇ ಮಾಡಿದ ಮುಳ್ಳು. ನೋಡಲು ಚಂದ ಇರುವ ಎಷ್ಟೋ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ಗಳಲ್ಲಿ 33, 45 ಮಾತ್ರ ಇರುತ್ತದೆ, ನೋಡಿ ತಗೊಳ್ಳಿ. ಆಡಿಯೋ-ಟೆಕ್ನಿಕಾದ ಎಲ್‌ಪಿ120ಎಕ್ಸ್‌ನಲ್ಲಿ 78 ಇದೆ. ಅದೇ ಕಂಪನಿಯ ವಿಎಂ95ಎಸ್‌ಪಿ ಕಾರ್ಟ್ರಿಡ್ಜ್‌ನ (ಮುಳ್ಳು ಸಿಕ್ಕಿಸುವ ಪುಟ್ಟ ಡಬ್ಬಿ) ಮುಳ್ಳು 78ಕ್ಕೆಂದೇ ಮಾಡಿದ್ದು. ಅದರ ತುದಿ 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ), ಎಲ್‌ಪಿ ಮುಳ್ಳಿನದು ಒಂದು ಮಿಲ್ ಒಳಗೇ. ಎಲ್‌ಪಿ ಮುಳ್ಳನ್ನು 78ರ ಗೆರೆಗೆ ಇಳಿಸಿದರೆ, ಕಬ್ಬಿನ ಗಾಡಿ ಹೋದ ಜಾಡಿನಲ್ಲಿ ಸೈಕಲ್ ಹೊಡೆದ ಹಾಗೆ. ಎರಡೂ ಪಕ್ಕ ಒರಗುವುದಿಲ್ಲ, ತಳದ ಧೂಳಿನಲ್ಲಿ ಕುಲುಕಾಡುತ್ತಾ ಹೋಗುತ್ತದೆ. ಮುಳ್ಳು ಪ್ಲೇಟನ್ನು ಒತ್ತುವ ಭಾರವೂ ಬೇರೆ. ಎಲ್‌ಪಿಗೆ ಸುಮಾರು 2 ಗ್ರಾಂ ಸಾಕು, ಇದಕ್ಕೆ 5 ಗ್ರಾಂ ಇಡಬೇಕು. ಮುಂದೆ ಎಲ್‌ಪಿ ಕೊಂಡರೆ ಅದೇ ಕಾರ್ಟ್ರಿಡ್ಜ್‌ಗೆ ಬೇರೆ ಮುಳ್ಳು ಸಿಕ್ಕಿಸಿದರಾಯಿತು. ಈಗ ಬರುವ ಫೋನೋ ಆಂಪ್‌ಗಳಲ್ಲಿ (ಮುಳ್ಳಿನಿಂದ ಬರುವ ಸಣ್ಣ ಸೌಂಡನ್ನು ದೊಡ್ಡದು ಮಾಡುವವು) ಹೆಚ್ಚಿನವು 1954ರ ಆರ್‌ಐಎಎ ಅಳತೆಯವು, ಅಂದರೆ ಬೇಸ್, ಟ್ರೆಬಲ್ ಎಷ್ಟಿರಬೇಕು ಅಂತ ಕಂಪನಿಗಳು ಒಪ್ಪಿಕೊಂಡ ಲೆಕ್ಕ. ನಿಮ್ಮ ಪ್ಲೇಟುಗಳು ಅದಕ್ಕೂ ಹಳೆಯವಾದರೆ ಸೌಂಡು ಸ್ವಲ್ಪ ಆಚೀಚೆ ಅನಿಸುತ್ತದೆ, ಟ್ರೆಬಲ್ ತಿರುಗಿಸಿಕೊಳ್ಳಿ.

ಒಂದು ಬದಿ ಹಾಕಿದಾಗಲೇ ಕಂಪ್ಯೂಟರಿಗೂ ರೆಕಾರ್ಡ್ ಮಾಡಿಬಿಡಿ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ನಾನು ಮೊದಲು ಅದನ್ನು ಮಾಡಿ ಆಮೇಲೆ ಒರೆಸಲು ಕೂತಿದ್ದರೂ ದೊಡ್ಡಪ್ಪನಿಗೆ ಕೇಳಿಸಲು ಏನಾದರೂ ಇರುತ್ತಿತ್ತು.

ಮಿಕ್ಕ ದುಡ್ಡು ಬ್ಯಾಂಕಿನಲ್ಲಿ ಇಡಿ. ಖರ್ಚು ಮಾಡಲೇಬೇಕು ಅಂತ ಕೈ ತುರಿಸಿದರೆ ಒಂದು ದಪ್ಪ ಜಮಖಾನ ತಗೊಳ್ಳಿ. ಮೊಸಾಯಿಕ್ ನೆಲ, ಬರೀ ಗೋಡೆ ಅಂದಿದ್ದೀರಿ. ರೂಮಿನ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟಣಟಣ ಅಂದರೆ ಎಷ್ಟು ಲಕ್ಷದ ಸ್ಪೀಕರ್ ತಂದರೂ ಟಣಟಣವೇ. ನನ್ನ 9 ಸಾವಿರದ ವೈರ್ ಮಾಡದ ಕೆಲಸವನ್ನು ಒಂದು ಜಮಖಾನ, ಒಂದು ಪುಸ್ತಕದ ಬೀರು ಮಾಡಿದವು.

ಪ್ಲೇಟುಗಳ ಕಲೆಕ್ಟರ್ ಆಗಬೇಕು ಅಂತಲೂ ಆಸೆಪಟ್ಟಿದ್ದೀರಿ. ನಮ್ಮೂರಿನಲ್ಲಿ ಆ ಮಾತು ಆಡಲು ನನಗೆ ನಾಚಿಕೆ. ಜಯಚಾಮರಾಜೇಂದ್ರ ಒಡೆಯರ್ ತಮಗೆ ಇಷ್ಟವಾದ ಮೆಟ್ನರ್ ಅನ್ನೋ ರಷ್ಯದ ಸಂಗೀತಗಾರನ ಪ್ಲೇಟು ಸಿಗಲಿಲ್ಲ ಅಂತ, 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಾವೇ ದುಡ್ಡು ಕೊಟ್ಟು ಎಚ್‌ಎಂವಿಯಿಂದ (ಅದೇ ನಾಯಿ ಚಿತ್ರದ ಕಂಪನಿ) ರೆಕಾರ್ಡ್ ಮಾಡಿಸಿದರು. ಅದು ಕಲೆಕ್ಷನ್. ನಾವು ಮಾಡುವುದು ಗುಜರಿ. ಅಂದ ಹಾಗೆ ಆ ಪ್ಲೇಟುಗಳೂ ಅರಗಿನವೇ.

ಕೊನೆಗೊಂದು. ಟರ್ನ್‌ಟೇಬಲ್ ಕೊಳ್ಳುವ ಮುಂಚೆ ಆ 60ರಲ್ಲಿ ಎರಡು ಎತ್ತಿಕೊಂಡು ಮೈಸೂರಿಗೆ ಬನ್ನಿ, ನನ್ನ ಹತ್ತಿರ 78ರ ಮುಳ್ಳಿದೆ. ಕೇಳಿ ನೋಡಿ, ಆಮೇಲೆ ದುಡ್ಡು ಬಿಚ್ಚುವಿರಂತೆ. ಬಟ್ಟೆ ಸುತ್ತಿ, ನಿಲ್ಲಿಸಿಕೊಂಡು ತನ್ನಿ. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ಕೂರಬೇಡಿ, ಅರಗು ಮೆತ್ತಗಾಗುತ್ತದೆ. ಒರೆಸದೆ ತನ್ನಿ.