ಗುಂಡಿ ತೋಡಿದರೆ ಗುಂಡಿ ಸಿಕ್ಕಿತು

ಈ ಪತ್ರ ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. "ನಮ್ಮಮ್ಮ ನಿಮ್ಮ ಪತ್ರಿಕೆ ಓದುತ್ತಾರೆ" ಎನ್ನುವುದು ಅವರು ಕೊಟ್ಟ ಕಾರಣ. ಪತ್ರ ಉದ್ದವಿದೆ, ಬೇಕಾದಷ್ಟು ಮಾತ್ರ ಇಲ್ಲಿ ಹಾಕಿದ್ದೇನೆ.

"ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ಭಾನುವಾರ ಬಂತೆಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುತ್ತಾರೆ. ಅವರ ಜೊತೆ ಸುಮ್ನೆ ಹೋದವನಿಗೆ ಈಗ ಹುಚ್ಚೇ ಹಿಡಿದಿದೆ. ಅವರಿಗೆ ಸೇರಿದ ಕಾಡಿನಲ್ಲಿ ಒಂದು ಹಳೇ ಮನೆಯ ಪಾಯ ಇದೆ. ಹೋದ ತಿಂಗಳು ಅಲ್ಲಿ ನನಗೆ ದೊಡ್ಡದೊಂದು ತಾಮ್ರದ ನಾಣ್ಯ ಸಿಕ್ಕಿತು. ಮಾರು ದೂರದಲ್ಲಿ ಹದ್ದಿನ ಚಿತ್ರವಿರುವ ಬಟನ್ ಒಂದು ಸಿಕ್ಕಿತು. ಹದ್ದಿನ ಎದೆ ಮೇಲೆ ಗುರಾಣಿ, ಅದರಲ್ಲಿ ಉದ್ದುದ್ದ ಗೆರೆ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ, 'ಹಾಳು ಮನೆಯದ್ದನ್ನ ಯಾಕೋ ಒಳಗೆ ತಂದೆ, ವಾಪಸ್ ಹಾಕಿ ಬಾ' ಅಂದರು. ಇವು ಯಾರವು? ಹೇಗೆ ತೊಳೆಯಬೇಕು? ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಯಂತ್ರ ತರಲಾ? ಅಜ್ಜಿಯ ಊರಿನ ಹತ್ತಿರ ಒಂದು ಹಾಳೂರಿದೆ."

ಪ್ರಿಯ ಓದುಗರೇ,

ನೀವು ಬಟನ್ ಎಂದು ಬರೆದಿದ್ದೀರಿ. ನಾನಾಗಿದ್ದರೆ ಗುಂಡಿ ಎಂದೇ ಬರೆಯುತ್ತಿದ್ದೆ. ಗುಂಡಿ ತೋಡಿ ಗುಂಡಿ ಹುಡುಕುವ ಭಾಗ್ಯ ಕನ್ನಡದವರಿಗೆ ಮಾತ್ರ ಇರುವುದು, ಅದನ್ನು ಯಾಕೆ ಬಿಡುತ್ತೀರಿ?

ನಿಮ್ಮ ಅಮ್ಮನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಪಾಯದ ವಿಷಯ. ನಿಮ್ಮ ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಮೂಲೆಯ ರಾಜ್ಯಗಳಿಗೆ ನ್ಯೂ ಇಂಗ್ಲೆಂಡ್ ಎನ್ನುತ್ತಾರಲ್ಲ, ಅಲ್ಲಿನ ಕಾಡಿನಲ್ಲಿ ನಡೆದವರಿಗೆಲ್ಲ ಒಂದು ಅನುಮಾನ ಬಂದೇ ಬರುತ್ತದೆ. ಇಷ್ಟು ದಟ್ಟ ಕಾಡಿನ ನಡುವೆ ಯಾರು ಹೀಗೆ ಮೈಲುಗಟ್ಟಲೆ ಕಲ್ಲಿನ ಗೋಡೆ ಕಟ್ಟಿದರು? ಕಾಡಿಗೆ ಬೇಲಿ ಯಾಕೆ? ನಿಜ ಏನೆಂದರೆ, ಆ ಗೋಡೆ ಕಟ್ಟುವಾಗ ಅಲ್ಲಿ ಕಾಡಿರಲಿಲ್ಲ. ಹೊಲ, ಹುಲ್ಲುಗಾವಲು ಇದ್ದವು. ಹಿಮಯುಗದ ನೀರ್ಗಲ್ಲು ಬಿಟ್ಟುಹೋದ ಕಲ್ಲುಗಳನ್ನು ರೈತರು ಹೊಲದಿಂದ ಆರಿಸಿ ಆರಿಸಿ ಬದುವಿಗೆ ಪೇರಿಸಿದರು. 1810ರ ಹೊತ್ತಿಗೆ ಮೆರಿನೊ ಕುರಿ ಬಂತು, ಉಣ್ಣೆಗೆ ಬೆಲೆ ಬಂತು, ಉಳಿದ ಮರಗಳೂ ಹೋದವು. 1825ರಲ್ಲಿ ಪಶ್ಚಿಮಕ್ಕೆ ಜಲಮಾರ್ಗವಾದ ಈರಿ ಕಾಲುವೆ ತೆರೆಯಿತು. ಪಶ್ಚಿಮಕ್ಕೆ ಹೋದರೆ ಕಲ್ಲಿಲ್ಲದ ಕಪ್ಪು ಮಣ್ಣು ಸಿಗುತ್ತದೆ ಎಂದು ಗೊತ್ತಾದ ಮೇಲೆ ಕಲ್ಲು ಆರಿಸುತ್ತಾ ಯಾರು ಕೂರುತ್ತಾರೆ? ಒಂದಿಷ್ಟು ಜನ ಒಹಾಯೊ ಕಡೆ ಹೋದರು, ಒಂದಿಷ್ಟು ಜನ ಲೋವೆಲ್‌ನಂಥ ಊರಿನ ಗಿರಣಿಗಳಿಗೆ. ಮನೆ ಬಿತ್ತು, ಪೈನ್ ಮರ ಎದ್ದಿತು. ನೆಲಮಾಳಿಗೆಯ ಕಲ್ಲಿನ ಗುಂಡಿ ಮಾತ್ರ ಉಳಿಯಿತು.

ಮುಂದಿನ ಸಲ ಮೇ ತಿಂಗಳಲ್ಲಿ ಹೋಗಿ. ಯಂತ್ರ ಆಫ್ ಮಾಡಿ ಸುತ್ತ ನೋಡಿ. ಕಾಡಿನ ನಡುವೆ ಲೈಲಾಕ್ ಪೊದೆಯೊಂದು ಹೂ ಬಿಟ್ಟಿದ್ದರೆ ಅದು ತಾನಾಗಿ ಹುಟ್ಟಿದ್ದಲ್ಲ, ಆ ಮನೆಯ ಹೆಂಗಸು ಬಾಗಿಲ ಹತ್ತಿರ ನೆಟ್ಟಿದ್ದು. ನಮ್ಮಲ್ಲಿ ಮನೆ ಬಿದ್ದುಹೋದರೂ ತುಳಸಿಕಟ್ಟೆ ಉಳಿಯುತ್ತದಲ್ಲ, ಹಾಗೆ. ಬಾಗಿಲು ಎಲ್ಲಿತ್ತು ಅಂತ ಗೊತ್ತಾದರೆ ಜನ ಎಲ್ಲಿ ಓಡಾಡುತ್ತಿದ್ದರು, ಜೇಬಿನಿಂದ ದುಡ್ಡು ಎಲ್ಲಿ ಬಿದ್ದಿರಬಹುದು ಅಂತಲೂ ಗೊತ್ತಾಗುತ್ತದೆ.

ಈಗ ನಾಣ್ಯ. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು, ಪೂರ್ತಿ ತಾಮ್ರ, ಒಂದು ಕಡೆ ಹೆಂಗಸಿನ ತಲೆ ಮಸುಕಾಗಿ ಕಾಣುತ್ತದೆ ಎಂದಿದ್ದೀರಿ. ಹಾಗಿದ್ದರೆ ಅದು ಲಾರ್ಜ್ ಸೆಂಟ್, ದೊಡ್ಡ ಸೆಂಟು. 1793ರಿಂದ 1857ರವರೆಗೆ ಟಂಕಿಸಿದರು. 1857ರ ಫೆಬ್ರವರಿಯಲ್ಲಿ ಬಂದ ಒಂದೇ ಕಾನೂನು ಈ ದೊಡ್ಡ ಸೆಂಟನ್ನೂ ಅರ್ಧ ಸೆಂಟನ್ನೂ ನಿಲ್ಲಿಸಿತು. ಅಲ್ಲಿಯವರೆಗೆ ಸ್ಪೇನಿನ ಬೆಳ್ಳಿ ರಿಯಾಲ್ ಕೂಡ ಅಮೆರಿಕದ ಅಂಗಡಿಗಳಲ್ಲಿ ರಾಜಾರೋಷವಾಗಿ ಓಡಾಡುತ್ತಿತ್ತು, ಅದನ್ನೂ ನಿಲ್ಲಿಸಿತು. ಎಂಟು ರಿಯಾಲ್‌ಗೆ ಒಂದು ಡಾಲರ್ ಲೆಕ್ಕ. ಒಂದು ರಿಯಾಲ್ ಅಂದರೆ ಒಂದು ಬಿಟ್. ನಿಮ್ಮ ಮೇಷ್ಟ್ರು ಕಾಲು ಡಾಲರಿಗೆ 'ಟೂ ಬಿಟ್ಸ್' ಎಂದರೆ ನಗಬೇಡಿ. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದ ಮೇಲೂ ನಾವು ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎನ್ನುವುದನ್ನು ಬಿಟ್ಟೆವಾ?

ಆದರೆ ಒಂದು ಎಚ್ಚರ. ಇಸವಿ ಓದಲು ಬಂದರೂ ಅದು ನಾಣ್ಯ ಹುಟ್ಟಿದ ವರ್ಷ, ಕಳೆದುಹೋದ ವರ್ಷ ಅಲ್ಲ. ನಿಮ್ಮದು ಅಷ್ಟೊಂದು ಸವೆದಿದೆ ಎಂದರೆ ಎಷ್ಟೋ ಕೈ ದಾಟಿ, ಎಷ್ಟೋ ವರ್ಷ ಜೇಬಿನಲ್ಲಿ ಉಜ್ಜಾಡಿದ ಮೇಲೆ ಬಿದ್ದಿದೆ.

ಗುಂಡಿಯ ಕಥೆ ಇನ್ನೂ ಚೆನ್ನಾಗಿದೆ. ಹದ್ದಿನ ಎದೆಯ ಗುರಾಣಿಯಲ್ಲಿ ಅಕ್ಷರವಿಲ್ಲ, ಬರೀ ಗೆರೆ ಅಂದಿದ್ದೀರಿ. ಅದು 1850ರ ದಶಕದಿಂದ ಅಮೆರಿಕದ ಸೇನೆಯ ಸಾಮಾನ್ಯ ಸಿಪಾಯಿಗಳ ಕೋಟಿಗೆ ಬಂದ ಗುಂಡಿ. ಆ ಕಾಲದಲ್ಲಿ ಗುರಾಣಿಯ ಮೇಲೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಕಾಲಾಳು ಪಡೆಯ ಅಧಿಕಾರಿ, ಎ ಇದ್ದರೆ ಫಿರಂಗಿ ದಳದ ಅಧಿಕಾರಿ, ಸಿ ಇದ್ದರೆ ಕುದುರೆ ದಳದ ಅಧಿಕಾರಿ. ನಿಮ್ಮವನು ಇವರ್ಯಾರೂ ಅಲ್ಲ, ಸಾಮಾನ್ಯ ಸಿಪಾಯಿ. ಗುಂಡಿ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಮಾಡಿದವರ ಹೆಸರು ಸುತ್ತ ಒತ್ತಿರುತ್ತಾರೆ. ಕನೆಕ್ಟಿಕಟ್‌ನ ವಾಟರ್ಬರಿ ಊರು ಹಿತ್ತಾಳೆ ಕೆಲಸಕ್ಕೇ ಹೆಸರುವಾಸಿ. ಅಲ್ಲಿನ ಸ್ಕೋವಿಲ್ ಕಂಪನಿಯ ಗುಂಡಿಗಳು ಜಾಸ್ತಿ ಸಿಗುತ್ತವೆ. ಕಂಪನಿಯ ಹೆಸರು ಕಾಲಕಾಲಕ್ಕೆ ಬದಲಾಗಿದೆ. ಅದಕ್ಕೇ ಬಲ್ಲವರು ಮುಖಕ್ಕಿಂತ ಬೆನ್ನು ನೋಡಿ ಕಾಲ ಹೇಳುತ್ತಾರೆ.

ಸೇನೆಯ ಗುಂಡಿ ಸಿಕ್ಕಿತು ಎಂದ ಕೂಡಲೇ ಅಲ್ಲಿ ಯುದ್ಧ ನಡೆದಿತ್ತು ಎಂದುಕೊಳ್ಳಬೇಡಿ. 1861ರಿಂದ 1865ರ ಅಂತರ್ಯುದ್ಧದ ಕಾಳಗಗಳು ನಿಮ್ಮಿಂದ ಬಹಳ ದಕ್ಷಿಣಕ್ಕೆ ನಡೆದವು. ಆದರೆ ಸಿಪಾಯಿ ಮನೆಗೆ ಬರುವಾಗ ಕೋಟು ತೊಟ್ಟುಕೊಂಡೇ ಬಂದ. ನೀಲಿ ಉಣ್ಣೆಯ ಒಳ್ಳೆ ಕೋಟು, ಯಾರಾದರೂ ಬಿಸಾಡುತ್ತಾರಾ? ಅದನ್ನೇ ಹಾಕಿಕೊಂಡು ಹಾಲು ಕರೆದ, ಸೌದೆ ಒಡೆದ. ಹರಿದ ಮೇಲೆ ಮನೆಯವರು ಗುಂಡಿ ಕಿತ್ತು ಡಬ್ಬಿಗೆ ಹಾಕಿದರು. ಹಳೆ ಅಂಗಿ ಮೂಲೆಗೆ ಹೋಗುವ ಮುಂಚೆ ನಮ್ಮ ಅಜ್ಜಿಯರೂ ಅದನ್ನೇ ಮಾಡುತ್ತಿದ್ದರು. ಹಾಗಂತ ಈ ಮನೆಯವನೇ ಸಿಪಾಯಿ ಎಂದು ಆಣೆ ಮಾಡಬೇಡಿ. ಯುದ್ಧ ಮುಗಿದ ಮೇಲೆ ಸೇನೆ ಮಿಕ್ಕಿದ ಬಟ್ಟೆಯನ್ನು ರಾಶಿರಾಶಿ ಮಾರಿತು. ಯುದ್ಧ ಕಾಣದವರೂ ಆ ಕೋಟು ತೊಟ್ಟರು.

ಯಾರ ಮನೆ ಎಂದು ತಿಳಿಯಲು ಯಂತ್ರ ಬೇಡ, ಕಾಗದ ಬೇಕು. ನಿಮ್ಮ ಕಡೆ 1850ರ ದಶಕದಲ್ಲಿ ಹೆನ್ರಿ ವಾಲಿಂಗ್ ಎಂಬಾತ ಮಾಡಿದ ನಕ್ಷೆಗಳಿವೆ. ಅದರಲ್ಲಿ ಮನೆಗೊಂದು ಚುಕ್ಕಿ, ಚುಕ್ಕಿಯ ಪಕ್ಕ ಯಜಮಾನನ ಹೆಸರು. ಆ ಹೆಸರು ಹಿಡಿದು 1850ರ ಜನಗಣತಿಗೆ ಹೋಗಿ. ಅದಕ್ಕಿಂತ ಮುಂಚಿನ ಗಣತಿಗಳು ಮನೆಯ ಯಜಮಾನನ ಹೆಸರಷ್ಟೇ ಬರೆದು ಮಿಕ್ಕವರನ್ನು ತಲೆ ಲೆಕ್ಕದಲ್ಲಿ ಸೇರಿಸುತ್ತಿದ್ದವು. ಆ ವರ್ಷ ಮೊದಲ ಸಲ ಹೆಂಡತಿ, ಮಕ್ಕಳು, ಆಳು ಎಲ್ಲರ ಹೆಸರನ್ನೂ ಬರೆದುಕೊಂಡರು, ಗುಲಾಮರನ್ನು ಬಿಟ್ಟು. ಲೈಲಾಕ್ ನೆಟ್ಟವಳ ಹೆಸರೂ ಅದರಲ್ಲಿ ಇರಬಹುದು.

ಇನ್ನು ನಿಮ್ಮನ್ನು ಸ್ವಲ್ಪ ಗದರಬೇಕು. "ಬರೀ ಮೊಳೆ ಸಿಗುತ್ತೆ, ಆಚೆ ಬಿಸಾಡುತ್ತೇವೆ" ಎಂದು ಬರೆದಿದ್ದೀರಿ. ಸ್ವಾಮಿ, ಆ ಮನೆಯ ವಯಸ್ಸು ಇರುವುದೇ ಆ ಮೊಳೆಯಲ್ಲಿ. ಕಮ್ಮಾರ ಬಡಿದು ಮಾಡಿದ, ಪ್ರತಿಯೊಂದೂ ಬೇರೆಬೇರೆ ಥರ ಇರುವ ಮೊಳೆಗಳೇ ತುಂಬಿದ್ದರೆ ಮನೆ ಸುಮಾರು 1800ಕ್ಕೂ ಹಿಂದಿನದು. ತಗಡಿನಿಂದ ಕತ್ತರಿಸಿದ ಚೌಕ ಮೈಯ, ಮೊಂಡು ತುದಿಯ ಮೊಳೆಯಾದರೆ ಹತ್ತೊಂಬತ್ತನೇ ಶತಮಾನದ್ದು. ಈಗಿನ ಹಾಗೆ ದುಂಡನೆಯ ತಂತಿ ಮೊಳೆಯಾದರೆ ಆ ಶತಮಾನದ ಕೊನೆಯದು ಇಲ್ಲವೇ ಆಮೇಲಿನದು. ನಾಣ್ಯ ಹೇಳದ್ದನ್ನು ಒಂದು ಹಿಡಿ ಮೊಳೆ ಹೇಳುತ್ತದೆ.

ಮೊಳೆಗಿಂತ ದೊಡ್ಡ ವಿಷಯ ಜಾಗ. ವಸ್ತು ನಿಮ್ಮ ಕೈಗೆ ಬಂದರೂ ಅದು ಬಿದ್ದಿದ್ದ ಜಾಗ ಕೈಗೆ ಬರುವುದಿಲ್ಲ. ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಪಡೆ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಶೈಯೆನ್ ಯೋಧರ ಕೈಯಲ್ಲಿ ಸೋತಿತಲ್ಲ, 1983ರಲ್ಲಿ ಆ ಬಯಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯಿತು. ಮರುವರ್ಷ ಪುರಾತತ್ವದವರು ನಿಮ್ಮಂಥ ಹವ್ಯಾಸಿಗಳನ್ನೇ ಕರೆದು ಸಾಲಾಗಿ ನಿಲ್ಲಿಸಿದರು. ಯಂತ್ರ ಕೂಗಿದ ಕಡೆ ಒಂದು ಬಾವುಟ. ಜಾಗ ಅಳೆದು ಬರೆದುಕೊಂಡ ಮೇಲಷ್ಟೇ ವಸ್ತು ಎತ್ತುವುದು. ಒಂದೊಂದು ಬಂದೂಕಿನ ಸೂಜಿ ತೋಟಾದ ತಳದ ಮೇಲೆ ಒಂದೊಂದು ಥರ ಗುರುತು ಬಿಡುತ್ತದೆ. ಆ ಗುರುತು ಹಿಡಿದು ಒಂದೇ ಬಂದೂಕು ಇಲ್ಲಿ ಹಾರಿತು, ಆಮೇಲೆ ಅಲ್ಲಿಗೆ ಓಡಿತು ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಿದರು. ಯೋಧರ ಬಳಿ ಒಂದರ ಹಿಂದೆ ಒಂದು ಗುಂಡು ಹಾರಿಸುವ ರೈಫಲ್‌ಗಳಿದ್ದವು, ಸೈನಿಕರ ಕೈಯಲ್ಲಿ ಒಂದೊಂದೇ ತೋಟಾ ತುಂಬುವ ಬಂದೂಕು. ಅದೂ ನೆಲದಿಂದಲೇ ಎದ್ದಿತು. ಅದೇ ತೋಟಾಗಳನ್ನು ಯಾರೋ ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಅವು ಬರೀ ಹಿತ್ತಾಳೆ ಚೂರು. ಹಾಗಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪಾಯದ ಯಾವ ಮೂಲೆಯಿಂದ ಎಷ್ಟು ಹೆಜ್ಜೆ, ಎಷ್ಟು ಗೇಣು ಆಳ, ಅಷ್ಟು ಬರೆದರೆ ಸಾಕು.

ತೊಳೆಯುವ ಪ್ರಶ್ನೆ. ಇದರಲ್ಲಿ ನಾನು ಪಾಪಿ, ಅದಕ್ಕೇ ಹೇಳುವ ಅಧಿಕಾರ ಇದೆ. ಹೈಸ್ಕೂಲಿನಲ್ಲಿದ್ದಾಗ ಅಟ್ಟದ ಮೇಲೆ 1835ರ ಕಂಪನಿ ಸರ್ಕಾರದ ತಾಮ್ರದ ಕಾಲಾಣೆ ಸಿಕ್ಕಿತು. ಪೂರ್ತಿ ಕಿಲುಬು ಹಿಡಿದಿತ್ತು. ದೇವರ ತಂಬಿಗೆ ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ತಿಕ್ಕಿದೆ. ಫಳಫಳ ಹೊಳೆಯಿತು. ಅಕ್ಷರ ಮಾತ್ರ ಇರಲಿಲ್ಲ. ಮಣ್ಣಿನಲ್ಲಿ ಬಹಳ ಕಾಲ ಇದ್ದ ತಾಮ್ರದಲ್ಲಿ ಎಷ್ಟೋ ಸಲ ಅಕ್ಷರ ಉಳಿದಿರುವುದು ಆ ಹಸಿರು ಪದರದಲ್ಲೇ. ಕಿಲುಬು ಹೋದರೆ ಅಕ್ಷರವೂ ಹೋಯಿತು. ನಿಮ್ಮ ಸೆಂಟನ್ನು ಹಾಗೇ ಒಣಗಲು ಬಿಡಿ. ಒಣ ಮಣ್ಣನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಗುಂಡಿಗಂತೂ ಬೆರಳಲ್ಲೂ ಉಜ್ಜಬೇಡಿ, ಅದರ ಮೇಲೆ ಬಂಗಾರದ ನೀರಿನ ತೆಳು ಲೇಪ ಇದ್ದರೆ ಒಂದೇ ಸಲಕ್ಕೆ ಎದ್ದು ಬರುತ್ತದೆ.

ವರ್ಜೀನಿಯಾ ಕಡೆ ಹೋಗುವ ಆಸೆ ಇದೆ ಎಂದಿದ್ದೀರಿ. ಅಲ್ಲಿ ಸಿಗುವ ಫಿರಂಗಿ ಗುಂಡು ಮುಟ್ಟಬೇಡಿ. 2008ರಲ್ಲಿ ಅಲ್ಲೇ ಒಬ್ಬ ಅನುಭವಿ ಸಂಗ್ರಹಕಾರರು ಅಂತರ್ಯುದ್ಧದ ಗುಂಡೊಂದನ್ನು ಶುಚಿ ಮಾಡುವಾಗ ಅದು ಸಿಡಿದು ತೀರಿಕೊಂಡರು. ಇನ್ನೊಂದು, ರಾಷ್ಟ್ರೀಯ ಉದ್ಯಾನ, ಯುದ್ಧಭೂಮಿಗಳ ಒಳಗೆ ಯಂತ್ರ ಕೈಯಲ್ಲಿ ಹಿಡಿದು ತಿರುಗುವುದೇ ಅಪರಾಧ. ಸರ್ಕಾರಿ ಜಮೀನಿನಲ್ಲಿರುವ, ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು 1979ರ ಕಾಯ್ದೆ ಕಾಯುತ್ತದೆ, ಜೈಲೂ ಇದೆ. ನಿಮ್ಮ ಮೇಷ್ಟ್ರ ಸ್ವಂತ ಕಾಡು ಆದ್ದರಿಂದ ನೀವು ಬಚಾವ್. ಸಿಕ್ಕಿದ್ದು ಯಾರಿಗೆ ಎಂದು ಅವರ ಜೊತೆ ಈಗಲೇ ಮಾತಾಡಿಕೊಳ್ಳಿ. ಬೆಲೆಬಾಳುವುದು ಸಿಕ್ಕ ಮೇಲೆ ಮಾತಾಡಿದರೆ ಸ್ನೇಹ ಕೆಡುತ್ತದೆ.

ನಿಮಗೆ ಇಷ್ಟವಾಗುವ ಒಂದು ಕಥೆ ಇದೆ. 2014ರಲ್ಲಿ ನಿಮ್ಮ ಪಕ್ಕದ ರೋಡ್ ಐಲೆಂಡ್‌ನ ಹಣ್ಣಿನ ತೋಟವೊಂದರಲ್ಲಿ ಒಬ್ಬ ಹವ್ಯಾಸಿಗೆ ಅರಬಿ ಅಕ್ಷರದ ಸಣ್ಣ ಬೆಳ್ಳಿ ನಾಣ್ಯ ಸಿಕ್ಕಿತು. 1693ರಲ್ಲಿ ಯೆಮನ್‌ನಲ್ಲಿ ಟಂಕಿಸಿದ್ದು. ಇಂಗ್ಲಿಷರ ವಸಾಹತಿಗೆ ಯೆಮನ್ ದುಡ್ಡು ಎಲ್ಲಿಂದ ಬಂತು? 1695ರಲ್ಲಿ ಹೆನ್ರಿ ಎವರಿ ಎಂಬ ಕಡಲುಗಳ್ಳ ಮೆಕ್ಕಾದಿಂದ ಸೂರತ್ತಿಗೆ ವಾಪಸಾಗುತ್ತಿದ್ದ ಮೊಗಲರ ಗಂಜ್-ಇ-ಸವಾಯಿ ಹಡಗನ್ನು ದೋಚಿದ್ದ. ಹಡಗು ಔರಂಗಜೇಬನದು. ಅವನಾಗ ಬಿಜಾಪುರ ಗೆದ್ದು ದಕ್ಕನ್ನಿನಲ್ಲೇ ಬೀಡುಬಿಟ್ಟಿದ್ದ. ಆ ಕಳ್ಳರು ನ್ಯೂ ಇಂಗ್ಲೆಂಡಿಗೂ ಬಂದು ಸೇರಿದ್ದರು, ಇದು ಅವರು ಖರ್ಚು ಮಾಡಿದ ದುಡ್ಡು ಎನ್ನುವುದು ಆ ಹವ್ಯಾಸಿಯ ವಾದ. ಸುತ್ತಮುತ್ತಲ ರಾಜ್ಯಗಳಲ್ಲಿ ಅದೇ ಕಾಲದ ಇಂಥ ನಾಣ್ಯಗಳು ಇನ್ನಷ್ಟು ಸಿಕ್ಕಿರುವುದರಿಂದ ವಾದಕ್ಕೆ ಬಲ ಬಂದಿದೆ. ಗಮನಿಸಿ, ಇಲ್ಲೂ ನಾಣ್ಯ ಎಲ್ಲಿ ಸಿಕ್ಕಿತು ಎನ್ನುವುದೇ ಕಥೆ. ಯೆಮನ್‌ನಲ್ಲೇ ಸಿಕ್ಕಿದ್ದರೆ ಯಾರು ಕೇಳುತ್ತಿದ್ದರು?

ಕೊನೆಗೆ ಡಿಸೆಂಬರ್. ಬೇಡ. ಯಂತ್ರ ಅಲ್ಲೇ ಇರಲಿ. 1878ರ ನಿಧಿ ಕಾಯ್ದೆ ಇನ್ನೂ ಹತ್ತು ರೂಪಾಯಿಯ ಲೆಕ್ಕದಲ್ಲೇ ಇದೆ. ನೆಲದಲ್ಲಿ ಹುದುಗಿದ್ದು ಅದಕ್ಕಿಂತ ಜಾಸ್ತಿ ಬೆಲೆಯದ್ದಾದರೆ ಸರ್ಕಾರಕ್ಕೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ಸ್ವಂತ ಕಾಯ್ದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಸೂಟ್‌ಕೇಸಿನಲ್ಲಿ ದೇಶದಾಚೆ ಒಯ್ಯುವ ಹಾಗಿಲ್ಲ. ಕಾನೂನು ಹಾಗಿರಲಿ, ಊರಿನವರ ಕಣ್ಣಿಗೆ ನೀವು ಹೇಗೆ ಕಾಣುತ್ತೀರಿ ಯೋಚಿಸಿ. ನಿಧಿ ಆಸೆಗೆ ರಾತ್ರೋರಾತ್ರಿ ನಂದಿ ಕಿತ್ತು, ಗರ್ಭಗುಡಿ ಅಗೆದು ಹೋಗುವವರ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹಾಳೂರಿನಲ್ಲಿ ಕೂಗುವ ಕೋಲು ಹಿಡಿದು ತಿರುಗುವವನನ್ನು ಜನ ಹವ್ಯಾಸಿ ಅನ್ನುವುದಿಲ್ಲ, ಅಂಜನ ಹಾಕುವವನ ಹೊಸ ಅವತಾರ ಅನ್ನುತ್ತಾರೆ.

ಬರಿಗೈಯಲ್ಲಿ ಹೋಗಿ. ಜನವಿಲ್ಲದ ಇಂಥ ಊರಿಗೆ ನಮ್ಮ ಕಂದಾಯ ಇಲಾಖೆಯಲ್ಲಿ ಬೇಚರಾಕ್ ಗ್ರಾಮ ಎನ್ನುತ್ತಾರೆ. ಚಿರಾಗ್ ಅಂದರೆ ದೀಪ, ಬೇಚಿರಾಗ್ ಅಂದರೆ ದೀಪವಿಲ್ಲದ ಊರು. ಪ್ಲೇಗಿಗೆ ಬಿಟ್ಟರೋ, ನೀರಿಲ್ಲದೆ ಬಿಟ್ಟರೋ, ನಿಮ್ಮ ಅಜ್ಜಿಯ ಓರಗೆಯವರು ಯಾರಾದರೂ ಇದ್ದರೆ ಕೇಳಿ ಬರೆದುಕೊಳ್ಳಿ. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಅಮ್ಮನ ಮಾತು ಬಾಕಿ ಇತ್ತಲ್ಲ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಅದು ಹಾಳು ಮನೆಯಲ್ಲ, ಇನ್ನೊಬ್ಬರ ಮನೆ. ವಾಪಸ್ ಹಾಕುವುದು ಬೇಡ, ಆದರೆ ಅಮ್ಮನಿಗೆ ಇನ್ನೊಂದು ಸಲ ಫೋನ್ ಮಾಡಿ ಆ ಕೋಟಿನ ವಿಷಯ ಹೇಳಿ ನೋಡಿ. ಗುಂಡಿ ಡಬ್ಬಿ ಇಟ್ಟುಕೊಂಡವರಿಗೆ ಅರ್ಥವಾಗುತ್ತದೆ.

ಮುಂದಿನ ಪತ್ರದ ಜೊತೆ ಗುಂಡಿಯ ಬೆನ್ನಿನ ಫೋಟೋ ಕಳಿಸಿ, ಬೆಳಕು ಓರೆಯಾಗಿ ಬೀಳುವ ಹಾಗೆ. ಕಾಡಿನಿಂದ ಬಂದ ಮೇಲೆ ಕಾಲುಚೀಲ ಬಿಚ್ಚಿ ಉಣ್ಣಿ ಕಚ್ಚಿದೆಯಾ ನೋಡಿಕೊಳ್ಳಿ. ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆಗೆ ಆ ಹೆಸರು ಬಂದಿದ್ದೇ ನಿಮ್ಮ ಪಕ್ಕದ ಕನೆಕ್ಟಿಕಟ್‌ನ ಊರಿನಿಂದ.

— ಸಂಪಾದಕ